ಹಳೆಯ ಬೈಕಿನ ದೀಪ ಕೈಕೊಟ್ಟಾಗ: ಬಲ್ಬಿನಿಂದ ಡೈನಮೋವರೆಗೆ ದೋಷ ಹುಡುಕುವ ಕ್ರಮ

ಹಳೆಯ ಮೋಟಾರ್‌ಸೈಕಲ್ಲಿನ ಹೆಡ್‌ಲೈಟ್ ಮಂಕಾದರೆ ಹೆಚ್ಚಿನವರು ಮೊದಲು ಹೊಸ ಬಲ್ಬ್ ತರುತ್ತಾರೆ. ಅದರಿಂದ ಸರಿಹೋಗದಿದ್ದರೆ ಬ್ಯಾಟರಿ ಬದಲಾಗುತ್ತದೆ, ಅಲ್ಲಿಗೂ ಮುಗಿಯದಿದ್ದರೆ ಇಡೀ ವೈರಿಂಗ್ ಕಿಟ್ ಕಿತ್ತು ಹೊಸದನ್ನು ಹಾಕಿಸುವವರೆಗೆ ಕೆಲಸ ಬೆಳೆಯುತ್ತದೆ. ಆದರೆ ದೋಷ ಬಹಳಷ್ಟು ಸಲ ತುಕ್ಕು ಹಿಡಿದ ಒಂದು ಅರ್ಥಿಂಗ್ (ವಿದ್ಯುತ್ ಬೈಕಿನ ಲೋಹದ ಮೂಲಕ ಹಿಂದಿರುಗುವ ಸಂಪರ್ಕ) ಬೋಲ್ಟಿನಲ್ಲೋ, ವೈರುಗಳನ್ನು ಜೋಡಿಸುವ, ಒಳಗೆ ಹಸಿರುಗಟ್ಟಿದ ಒಂದು ಕಪ್ಲರ್‌ನಲ್ಲೋ ಇರುತ್ತದೆ. ಅದನ್ನು ಹುಡುಕುವುದಕ್ಕೆ ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್, ಒಂದು ಹಳೆಯ ಇಂಡಿಕೇಟರ್ ಬಲ್ಬ್ ಮತ್ತು ಒಂದರ ನಂತರ ಒಂದನ್ನು ಪರೀಕ್ಷಿಸುವ ತಾಳ್ಮೆ. ಯಾವುದೇ ಬಿಡಿಭಾಗ ಕೊಳ್ಳುವ ಮೊದಲು ಅಳೆದು ನೋಡಿ ಎಂಬುದೇ ಈ ಲೇಖನದ ಮುಖ್ಯ ಸಲಹೆ.

ದೀಪಕ್ಕೆ ವಿದ್ಯುತ್ ಎಲ್ಲಿಂದ ಬರುತ್ತಿದೆ?

ಈ ಪ್ರಶ್ನೆಗೆ ಉತ್ತರ ತಿಳಿಯದೆ ಮುಂದುವರಿದರೆ ಮಾಡಿದ ಪರೀಕ್ಷೆಯೆಲ್ಲ ದಾರಿ ತಪ್ಪಿಸುತ್ತದೆ. ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ಬೈಕುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ವ್ಯವಸ್ಥೆಗಳಿವೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳಲ್ಲಿ ಹೆಚ್ಚಿನವು 6 ವೋಲ್ಟಿನ ಡೈನಮೋ ಹೊಂದಿದವು. 12 ವೋಲ್ಟಿನ ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಮಾದರಿಗಳು ಬಂದದ್ದು ಕೊನೆಯ ಹಂತದಲ್ಲಿ. ಎಂಜಿನ್ನಿನ ಬಲಬದಿಯಲ್ಲಿರುವ ಡೈನಮೋ ನೇರ ವಿದ್ಯುತ್ತನ್ನು, ಅಂದರೆ ಡಿಸಿಯನ್ನು ಉತ್ಪಾದಿಸುತ್ತದೆ. ಅದು ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಮೂಲಕ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ ಮತ್ತು ಎಲ್ಲ ದೀಪಗಳೂ ಆ ಬ್ಯಾಟರಿಯ ಸಾಲಿನಿಂದಲೇ ಉರಿಯುತ್ತವೆ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಮತ್ತು 1994ರಲ್ಲಿ ಬಂದ ಸ್ಪ್ಲೆಂಡರ್‌ಗಳ ಹಳೆಯ ಮಾದರಿಗಳಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಹಾರ್ನ್, ಇಂಡಿಕೇಟರ್ ಮತ್ತು ಬ್ರೇಕ್ ಲೈಟ್ 12 ವೋಲ್ಟಿನ ಬ್ಯಾಟರಿಯಿಂದ ಕೆಲಸ ಮಾಡಿದರೆ, ಹೆಡ್‌ಲೈಟಿಗೆ ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ಟಿನ ಲೈಟಿಂಗ್ ಕಾಯಿಲ್‌ನಿಂದ ಎಸಿ ವಿದ್ಯುತ್, ಅಂದರೆ ದಿಕ್ಕು ಬದಲಿಸುತ್ತಿರುವ ವಿದ್ಯುತ್, ಬ್ಯಾಟರಿಯನ್ನು ಮುಟ್ಟದೆ ಬರುತ್ತದೆ.

ನಿಮ್ಮ ಬೈಕು ಯಾವ ಬಗೆಯದೆಂದು ತಿಳಿಯುವುದು ಸುಲಭ. ಎಂಜಿನ್ ಆಫ್ ಇರುವಾಗ ಕೀಲಿ ತಿರುಗಿಸಿ ಲೈಟ್ ಸ್ವಿಚ್ ಹಾಕಿ. ಹೆಡ್‌ಲೈಟ್ ಉರಿದರೆ ಅದು ಬ್ಯಾಟರಿಯ ಸಾಲಿನಲ್ಲಿದೆ. ಉರಿಯದೆ, ಎಂಜಿನ್ ಸ್ಟಾರ್ಟ್ ಮಾಡಿದಾಗ ಮಾತ್ರ ಉರಿದು, ಆಕ್ಸಿಲರೇಟರ್ ತಿರುವಿದಂತೆ ಪ್ರಖರವಾಗುತ್ತಿದ್ದರೆ ಅದು ಎಸಿ ಸಾಲಿನಲ್ಲಿದೆ. ಎಸಿ ಹೆಡ್‌ಲೈಟ್ ಐಡ್ಲಿಂಗ್‌ನಲ್ಲಿ ಸ್ವಲ್ಪ ಮಂಕಾಗಿರುವುದು ದೋಷವಲ್ಲ. ಅದಕ್ಕಾಗಿ ಬ್ಯಾಟರಿ ಬದಲಾಯಿಸಿದರೆ ಹಣ ವ್ಯರ್ಥವಾಗುತ್ತದೆ, ಏಕೆಂದರೆ ಆ ದೀಪಕ್ಕೂ ಬ್ಯಾಟರಿಗೂ ಸಂಬಂಧವೇ ಇಲ್ಲ. ಹಿಂದಿನ ಮಾಲೀಕರು ವೈರಿಂಗ್ ಬದಲಾಯಿಸಿ ಎಸಿ ಬೈಕನ್ನು ಡಿಸಿಗೆ ಮಾಡಿಸಿರುವ ಸಾಧ್ಯತೆಯೂ ಇರುವುದರಿಂದ, ಮಾದರಿಯ ಹೆಸರನ್ನು ನಂಬುವುದಕ್ಕಿಂತ ಈ ಪರೀಕ್ಷೆಯನ್ನು ನಂಬುವುದು ಒಳ್ಳೆಯದು.

ಕೈಯಲ್ಲಿ ಇರಬೇಕಾದದ್ದು

ಮಲ್ಟಿಮೀಟರಿನಲ್ಲಿ ಎಸಿ ವೋಲ್ಟ್, ಡಿಸಿ ವೋಲ್ಟ್ ಮತ್ತು ಓಮ್ ಅಳೆಯಲು ಬಂದರೆ ಸಾಕು. ಅದರ ಜೊತೆಗೆ ಒಂದು ಹೋಲ್ಡರ್‌ಗೆ ಹಳೆಯ ಇಂಡಿಕೇಟರ್ ಬಲ್ಬ್ ಸೇರಿಸಿ, ಎರಡು ಉದ್ದದ ವೈರು ಮತ್ತು ತುದಿಗೆ ಕ್ಲಿಪ್ಪುಗಳನ್ನು ಹಾಕಿದ ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಮೀಟರ್ ಇದ್ದೂ ಈ ಬಲ್ಬ್ ಏಕೆಂದರೆ, ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದು ಮಿಕ್ಕವು ತುಂಡಾಗಿರುವ ವೈರಿನಲ್ಲೂ ಮೀಟರು ಪೂರ್ಣ 12 ವೋಲ್ಟನ್ನೇ ತೋರಿಸುತ್ತದೆ. ಮೀಟರು ಎಳೆಯುವ ಕರೆಂಟ್ ಅತ್ಯಲ್ಪವಾದ್ದರಿಂದ ಅದಕ್ಕೆ ಆ ಒಂದು ಎಳೆಯೇ ಸಾಕು. ಬಲ್ಬ್ ಹಾಗಲ್ಲ, ಅದು ನಿಜವಾದ ಹೊರೆ ಹಾಕುತ್ತದೆ. ದಾರಿ ಕೆಟ್ಟಿದ್ದರೆ ಮಂಕಾಗಿ ಉರಿದು ತಿಳಿಸುತ್ತದೆ. ಇವಲ್ಲದೆ ನಯವಾದ ಎಮರಿ ಪೇಪರ್, ಹಳೆಯ ಟೂತ್‌ಬ್ರಷ್, ವ್ಯಾಸಲೀನ್ ಮತ್ತು ಒಂದಿಷ್ಟು ವೈರು ಇರಲಿ.

ಕೆಲಸ ಆರಂಭಿಸುವ ಮೊದಲು ಕೈಯ ಉಂಗುರ ಮತ್ತು ಲೋಹದ ಗಡಿಯಾರ ತೆಗೆದಿಡಿ. ಪೆಟ್ರೋಲ್ ಸೋರುತ್ತಿದ್ದರೆ ಅದನ್ನು ಸರಿಪಡಿಸುವವರೆಗೆ ವೈರುಗಳನ್ನು ಮುಟ್ಟಬೇಡಿ. ವೈರಿನ ತುದಿಯನ್ನು ಫ್ರೇಮಿಗೆ ತಾಗಿಸಿ ಕಿಡಿ ಬರುತ್ತದೆಯೇ ಎಂದು ನೋಡುವ ಪದ್ಧತಿ ಎಷ್ಟೇ ಬಳಕೆಯಲ್ಲಿದ್ದರೂ ಅದನ್ನು ಕೈಬಿಡಿ. ಅದು ಫ್ಯೂಸನ್ನೂ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರನ್ನೂ ಸುಡುತ್ತದೆ, ಟ್ಯಾಂಕಿನ ಹತ್ತಿರ ಅದಕ್ಕಿಂತ ದೊಡ್ಡ ಅನಾಹುತಕ್ಕೂ ಕಾರಣವಾಗಬಹುದು.

ಮೊದಲು ನೋಡಿ, ನಂತರ ಬಿಚ್ಚಿ

ಸ್ಪ್ಯಾನರ್ ಹಿಡಿಯುವ ಮೊದಲು ಎಲ್ಲ ದೀಪಗಳನ್ನೂ ಒಮ್ಮೆ ಹಾಕಿ ನೋಡಿ, ಕಂಡದ್ದನ್ನು ಕಾಗದದಲ್ಲಿ ಬರೆದುಕೊಳ್ಳಿ. ಒಂದೇ ದೀಪ ಉರಿಯದಿದ್ದರೆ ದೋಷ ಆ ದೀಪದ ಬಲ್ಬ್, ಹೋಲ್ಡರ್ ಅಥವಾ ಅದಕ್ಕೆ ಮಾತ್ರ ಹೋಗುವ ವೈರಿನಲ್ಲಿದೆ. ಎಲ್ಲವೂ ಒಟ್ಟಿಗೆ ಆರಿದ್ದರೆ ಫ್ಯೂಸ್, ಬ್ಯಾಟರಿ, ಕೀಲಿ ಸ್ವಿಚ್ ಅಥವಾ ಮುಖ್ಯ ಅರ್ಥಿಂಗ್ ಕಡೆ ನೋಡಬೇಕು. ಹ್ಯಾಂಡಲ್ ತಿರುಗಿಸಿದಾಗ ದೀಪ ಆರಿ ಹೊತ್ತಿಕೊಳ್ಳುತ್ತಿದ್ದರೆ ಸ್ಟೀರಿಂಗ್ ಕತ್ತಿನ ಬಳಿ, ವರ್ಷಗಟ್ಟಲೆ ಮಡಚಿ ಬಿಡಿಸಿಕೊಂಡ ವೈರಿನ ಎಳೆಗಳು ಒಳಗೇ ತುಂಡಾಗಿವೆ ಎಂದು ತಿಳಿಯಬಹುದು. ಬಲ ಇಂಡಿಕೇಟರ್ ಹಾಕಿದಾಗ ಟೈಲ್ ಲೈಟ್ ಅದೇ ಲಯದಲ್ಲಿ ಮಿಣುಕುತ್ತಿದ್ದರೆ, ಅಥವಾ ಬ್ರೇಕ್ ಒತ್ತಿದಾಗ ಹಿಂದಿನ ದೀಪ ಪ್ರಖರವಾಗುವ ಬದಲು ಮಂಕಾದರೆ, ಹಿಂಬದಿಯ ಅರ್ಥಿಂಗ್ ಕಡಿದಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಒಂದು ದೀಪದ ವಿದ್ಯುತ್ ಹಿಂದಿರುಗಲು ದಾರಿ ಕಾಣದೆ ಇನ್ನೊಂದು ದೀಪದ ಮೂಲಕ ಹೋಗುತ್ತಿರುತ್ತದೆ.

ಬ್ಯಾಟರಿ ಮತ್ತು ಫ್ಯೂಸ್

ಬೈಕನ್ನು ಕೆಲವು ಗಂಟೆ ನಿಲ್ಲಿಸಿದ ಮೇಲೆ ಬ್ಯಾಟರಿಯ ಎರಡು ತುದಿಗಳ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಪೂರ್ಣ ಚಾರ್ಜ್ ಆದ 12 ವೋಲ್ಟಿನ ಸೀಸದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 6 ವೋಲ್ಟಿನದು 6.3. ಅವು 12 ಮತ್ತು 6ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಖಾಲಿಯಾಗಿದೆ. ನಂತರ ದೀಪ ಹಾಕಿ ಮತ್ತೆ ಅಳೆಯಿರಿ. ಮೀಟರಿನ ಓದು (ತೋರಿಸುವ ಅಂಕಿ) ಕುಸಿದುಬಿದ್ದರೆ ಮೊದಲು ಬ್ಯಾಟರಿಯನ್ನು ಹೊರಗಿನಿಂದ ಪೂರ್ಣವಾಗಿ ಚಾರ್ಜ್ ಮಾಡಿಸಿ, ಆಮೇಲೆ ತೀರ್ಮಾನಿಸಿ. ತುದಿಗಳ ಮೇಲೆ ಬೆಳೆದ ಬಿಳಿ ಅಥವಾ ನೀಲಿ ಹುಡಿಯನ್ನು ಬಿಸಿನೀರಿನಲ್ಲಿ ಕರಗಿಸಿದ ಅಡುಗೆ ಸೋಡಾದಿಂದ ತೊಳೆದು, ಒಣಗಿಸಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಂತೆ ಮುಚ್ಚಳಗಳನ್ನು ಭದ್ರವಾಗಿಟ್ಟುಕೊಳ್ಳಿ.

ಫ್ಯೂಸನ್ನು ಕಣ್ಣಿನಿಂದ ನೋಡಿ ಸರಿಯಿದೆ ಎನ್ನಬೇಡಿ. ಗಾಜಿನ ಫ್ಯೂಸಿನ ತಂತಿ ಟೋಪಿಯ ಒಳಗೆ ಕಡಿದಿರುವುದುಂಟು, ಆದ್ದರಿಂದ ಓಮ್ ಅಳತೆಯಲ್ಲಿ ಪರೀಕ್ಷಿಸಿ. ಫ್ಯೂಸ್ ಹಿಡಿದಿರುವ ಹಿತ್ತಾಳೆ ಕ್ಲಿಪ್ಪುಗಳು ಸಡಿಲವಾಗಿ ಕಪ್ಪಾಗಿದ್ದರೂ ದೀಪಗಳು ಮಂಕಾಗುತ್ತವೆ. ಸುಟ್ಟ ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಹಾಳೆಯನ್ನೋ ತಾಮ್ರದ ಎಳೆಯನ್ನೋ ಸುತ್ತಿ ಓಡಿಸುವುದು ಹಳೆಯ ಅಭ್ಯಾಸ. ಹಾಗೆ ಮಾಡಿದಾಗ ಮುಂದಿನ ಶಾರ್ಟ್ ಸರ್ಕ್ಯೂಟ್‌ನಲ್ಲಿ ಸುಡುವುದು ಫ್ಯೂಸಲ್ಲ, ಟ್ಯಾಂಕಿನ ಕೆಳಗೆ ಹಾದುಹೋಗುವ ವೈರಿಂಗ್.

ಬಲ್ಬನ್ನು ಓದುವುದು

ಸುಟ್ಟ ಬಲ್ಬನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಗಾಜು ಒಳಗೆ ಕಪ್ಪಾಗಿ ಅಥವಾ ಬೆಳ್ಳಿ ಬಣ್ಣಕ್ಕೆ ತಿರುಗಿದ್ದರೆ ಅದು ಬಹುಕಾಲ ಉರಿದು ಮುಗಿದಿದೆ, ಇಲ್ಲವೇ ಹೆಚ್ಚಿನ ವೋಲ್ಟೇಜ್‌ಗೆ ಸಿಲುಕಿದೆ. ಹೊಸ ಬಲ್ಬ್ ಕೆಲವೇ ದಿನಗಳಲ್ಲಿ ಹೀಗಾದರೆ ರೆಗ್ಯುಲೇಟರ್ ಮೇಲೆ ಸಂಶಯ ಪಡಬೇಕು. ಗಾಜು ಸ್ವಚ್ಛವಾಗಿದ್ದು ಫಿಲಮೆಂಟ್ ಮಾತ್ರ ತುಂಡಾಗಿದ್ದರೆ ಅಲುಗಾಟ ಕಾರಣವಿರಬಹುದು. ಹೆಡ್‌ಲೈಟ್ ಡೂಮಿನ (ಹೊರಕವಚದ) ಸ್ಕ್ರೂ, ಮಡ್‌ಗಾರ್ಡಿನ ಬೋಲ್ಟು, ಟೈಲ್ ಲೈಟಿನ ರಬ್ಬರ್ ಇವುಗಳನ್ನು ನೋಡಿ. ಒಳಗೆ ಬಿಳಿ ಪುಡಿ ಕಂಡರೆ ಗಾಜು ಎಲ್ಲೋ ಬಿರಿದು ಗಾಳಿ ಹೊಕ್ಕಿದೆ.

ಹೊಸ ಬಲ್ಬಿನ ವೋಲ್ಟ್ ಮತ್ತು ವ್ಯಾಟ್ ಎರಡೂ ಹಳೆಯದರಂತೆಯೇ ಇರಬೇಕು. 6 ವೋಲ್ಟಿನ ಬೈಕಿಗೆ ಅಂಗಡಿಯಲ್ಲಿ ಕೈಗೆ ಸಿಕ್ಕ 12 ವೋಲ್ಟಿನ ಬಲ್ಬ್ ಹಾಕಿದರೆ ಅದು ಕೆಂಪಗೆ ಕನಲುತ್ತದೆಯೇ ಹೊರತು ಬೆಳಗುವುದಿಲ್ಲ. 35 ವ್ಯಾಟಿನ ಜಾಗಕ್ಕೆ 60/55 ವ್ಯಾಟಿನ ಹ್ಯಾಲೊಜೆನ್ ಹಾಕುವುದಂತೂ ಈ ಬೈಕುಗಳಿಗೆ ಮಾಡುವ ದೊಡ್ಡ ಹಾನಿ: ಹೋಲ್ಡರ್ ಕರಗುತ್ತದೆ, ಸ್ವಿಚ್ಚಿನ ಸಂಪರ್ಕಗಳು ಸುಡುತ್ತವೆ, ಅಷ್ಟಾದರೂ ಬೆಳಕು ಹೆಚ್ಚುವುದಿಲ್ಲ, ಏಕೆಂದರೆ ಅಷ್ಟು ಶಕ್ತಿಯನ್ನು ಆ ಡೈನಮೋ ಅಥವಾ ಕಾಯಿಲ್ ಕೊಡಲಾರದು. ಹಳೆಯ ಜಾವಾದ ಡೈನಮೋ 45 ವ್ಯಾಟಿನದು. 35 ವ್ಯಾಟಿನ ಹೆಡ್‌ಲೈಟ್ ಮತ್ತು 5 ವ್ಯಾಟಿನ ಟೈಲ್ ಲೈಟ್ ಉರಿದ ಮೇಲೆ ಇಗ್ನಿಷನ್ ಕಾಯಿಲ್‌ಗೂ ಬ್ಯಾಟರಿಗೂ ಉಳಿಯುವುದು ಎಷ್ಟೆಂದು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ.

ಅರ್ಥಿಂಗ್: ಹೆಚ್ಚು ಸಮಯ ಕೊಡಬೇಕಾದ ಜಾಗ

ವಿದ್ಯುತ್ ಬಲ್ಬಿನವರೆಗೆ ವೈರಿನಲ್ಲಿ ಬಂದು, ಹಿಂದಿರುಗುವಾಗ ಬಹುತೇಕ ಫ್ರೇಮಿನ ಲೋಹದ ಮೂಲಕ ಹೋಗುತ್ತದೆ. ಹೊಸ ಬೈಕಿನಲ್ಲಿ ಈ ದಾರಿ ಸ್ವಚ್ಛವಾಗಿರುತ್ತದೆ. ಇಪ್ಪತ್ತು ಮೂವತ್ತು ಮಳೆಗಾಲ ಕಂಡ ಬೈಕಿನಲ್ಲಿ, ಅದರಲ್ಲೂ ಮಲೆನಾಡು ಮತ್ತು ಕರಾವಳಿಯ ಬೈಕುಗಳಲ್ಲಿ, ಪ್ರತಿಯೊಂದು ಬೋಲ್ಟಿನ ಕೆಳಗೂ ತುಕ್ಕು ಇರುತ್ತದೆ. ವಿಚಿತ್ರವೆಂದರೆ ಚೆನ್ನಾಗಿ ರಿಸ್ಟೋರ್ ಮಾಡಿಸಿದ ಬೈಕುಗಳಲ್ಲೂ ಇದೇ ತೊಂದರೆ ಬರುತ್ತದೆ. ಫ್ರೇಮಿಗೆ ದಪ್ಪನೆ ಪೌಡರ್ ಕೋಟಿಂಗ್ ಮಾಡಿಸಿ, ಅದರ ಮೇಲೆಯೇ ಅರ್ಥಿಂಗ್ ಬೋಲ್ಟ್ ಬಿಗಿದರೆ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಹೊಸ ಬಣ್ಣದ ಬೈಕು ಮನೆಗೆ ಬಂದ ಮೊದಲ ರಾತ್ರಿಯೇ ದೀಪ ಮಂಕಾಗಿದ್ದರೆ ಇದನ್ನೇ ಮೊದಲು ನೋಡಿ.

ಸಂಪರ್ಕದಲ್ಲಿನ ಸಣ್ಣ ಪ್ರತಿರೋಧ 6 ವೋಲ್ಟಿನ ಬೈಕಿಗೆ ಏಕೆ ಇಷ್ಟು ಹಾನಿ ಮಾಡುತ್ತದೆ ಎಂಬುದನ್ನು ಅಂಕಿಗಳಲ್ಲಿ ನೋಡಬಹುದು. 35 ವ್ಯಾಟಿನ ಬಲ್ಬ್ 12 ವೋಲ್ಟಿನಲ್ಲಿ ಸುಮಾರು 2.9 ಆಂಪಿಯರ್ ಎಳೆದರೆ, ಅದೇ ವ್ಯಾಟಿನ ಬಲ್ಬ್ 6 ವೋಲ್ಟಿನಲ್ಲಿ 5.8 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ 0.2 ಓಮ್ ಪ್ರತಿರೋಧ ಇದೆ ಎಂದುಕೊಳ್ಳಿ. 12 ವೋಲ್ಟಿನ ಬೈಕಿನಲ್ಲಿ ಅರ್ಧ ವೋಲ್ಟಿನಷ್ಟು ನಷ್ಟವಾಗುತ್ತದೆ. 6 ವೋಲ್ಟಿನಲ್ಲಿ ನಷ್ಟ ಸುಮಾರು 1 ವೋಲ್ಟ್, ಅಂದರೆ ಒಟ್ಟು ವೋಲ್ಟೇಜಿನ ಆರನೇ ಒಂದು ಭಾಗ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುವುದರಿಂದ, ವೋಲ್ಟೇಜ್ ಹತ್ತನೇ ಒಂದು ಭಾಗ ಕಡಿಮೆಯಾದರೆ ಬೆಳಕು ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ, ಆರನೇ ಒಂದು ಭಾಗ ಹೋದರೆ ಹತ್ತಿರ ಹತ್ತಿರ ಅರ್ಧ ಬೆಳಕೇ ಹೋಗುತ್ತದೆ. ಯೆಜ್ಡಿಯ ಹೆಡ್‌ಲೈಟ್ ಎಂದರೆ ಮಂಕು ಎಂಬ ಮಾತು ಹುಟ್ಟಿದ್ದು ಬಹುಮಟ್ಟಿಗೆ ಈ ನಷ್ಟದಿಂದ. ದಾರಿ ಸ್ವಚ್ಛವಾಗಿಟ್ಟ 6 ವೋಲ್ಟಿನ ದೀಪ ಹಳ್ಳಿ ರಸ್ತೆಗೆ ಸಾಕಾಗುವಷ್ಟು ಬೆಳಕು ಕೊಡುತ್ತದೆ.

ಈ ನಷ್ಟವನ್ನು ಅಳೆಯುವ ಕ್ರಮ ಹೀಗಿದೆ. ದೀಪ ಉರಿಯುತ್ತಿರುವಾಗಲೇ, ಡಿಸಿ ವೋಲ್ಟ್ ಅಳತೆಯಲ್ಲಿ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ತುದಿಗೂ ಇನ್ನೊಂದನ್ನು ಬಲ್ಬಿಗೆ ವಿದ್ಯುತ್ ತರುವ ಸಂಪರ್ಕಕ್ಕೂ ಹಿಡಿಯಿರಿ. ಬರುವ ಅಂಕಿ, ಬರುವ ದಾರಿಯ ನಷ್ಟ. ನಂತರ ಒಂದು ಕಡ್ಡಿಯನ್ನು ಬಲ್ಬಿನ ಲೋಹದ ಕವಚಕ್ಕೂ ಇನ್ನೊಂದನ್ನು ಬ್ಯಾಟರಿಯ ಮೈನಸ್ ತುದಿಗೂ ಹಿಡಿಯಿರಿ. ಇದು ಹಿಂದಿರುಗುವ ದಾರಿಯ ನಷ್ಟ. 12 ವೋಲ್ಟಿನಲ್ಲಿ ಮೊದಲನೆಯದು ಅರ್ಧ ವೋಲ್ಟಿನ ಒಳಗೂ ಎರಡನೆಯದು 0.2 ವೋಲ್ಟಿನ ಒಳಗೂ ಇರಲಿ. 6 ವೋಲ್ಟಿನಲ್ಲಿ ಅದರ ಅರ್ಧ. ಯಾವ ದಾರಿಯಲ್ಲಿ ನಷ್ಟ ಹೆಚ್ಚಿದೆಯೋ ಅಲ್ಲಿ ಕಡ್ಡಿಯನ್ನು ಒಂದೊಂದು ಸಂಪರ್ಕದ ಆಚೆ ಈಚೆ ಇಟ್ಟು ಹೋದರೆ ದೋಷದ ಜಾಗ ತಾನಾಗಿ ಗೊತ್ತಾಗುತ್ತದೆ. ಫ್ಯೂಸಿನ ಈಚೆಗೂ ಆಚೆಗೂ ಇಟ್ಟಾಗ 0.6 ವೋಲ್ಟ್ ಬಂದರೆ ದೋಷ ಫ್ಯೂಸ್ ಹೋಲ್ಡರಿನಲ್ಲಿದೆ, ಅಷ್ಟೇ. ಎಸಿ ಹೆಡ್‌ಲೈಟಿನ ಬೈಕಿನಲ್ಲಿ ಇದೇ ಪರೀಕ್ಷೆಯನ್ನು ಎಂಜಿನ್ ಓಡುತ್ತಿರುವಾಗ ಎಸಿ ಅಳತೆಯಲ್ಲಿ, ಬ್ಯಾಟರಿಯ ಬದಲು ರೆಗ್ಯುಲೇಟರಿನ ಬಳಿ ಇರುವ ಲೈಟಿಂಗ್ ವೈರಿನಿಂದ ಮಾಡಬೇಕು.

ಸರಿಪಡಿಸುವುದು ಸರಳ. ಅರ್ಥಿಂಗ್ ಬೋಲ್ಟ್ ಬಿಚ್ಚಿ, ಕೆಳಗಿನ ಬಣ್ಣವನ್ನೂ ತುಕ್ಕನ್ನೂ ಲೋಹ ಹೊಳೆಯುವವರೆಗೆ ಎಮರಿಯಿಂದ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಹೆಡ್‌ಲೈಟ್ ಡೂಮಿನ ಅರ್ಥಿಂಗ್ ಸ್ಟೀರಿಂಗ್ ಬೇರಿಂಗುಗಳ ಮೂಲಕ ಹೋಗುವಂತಿದ್ದರೆ ಅದನ್ನು ನೆಚ್ಚಬೇಡಿ. ಗ್ರೀಸ್ ತುಂಬಿದ ಬೇರಿಂಗ್ ಒಳ್ಳೆಯ ವಾಹಕವಲ್ಲ. ಬಲ್ಬ್ ಹೋಲ್ಡರಿನಿಂದ ಬ್ಯಾಟರಿಯ ಮೈನಸ್‌ವರೆಗೆ ಒಂದು ಪ್ರತ್ಯೇಕ ವೈರನ್ನು, ಹ್ಯಾಂಡಲ್ ಪೂರ್ತಿ ತಿರುಗುವಷ್ಟು ಸಡಿಲ ಬಿಟ್ಟು ಎಳೆಯಿರಿ. ಟೈಲ್ ಲೈಟಿಗೂ ಹೀಗೆಯೇ ಮಾಡಬಹುದು. ಹಳೆಯ ಬೈಕಿನ ದೀಪಗಳಿಗೆ ಕಡಿಮೆ ಖರ್ಚಿನಲ್ಲಿ ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವುದು ಇನ್ನೊಂದಿಲ್ಲ.

ಸ್ವಿಚ್, ಕಪ್ಲರ್, ವೈರು

ಹೈ ಬೀಮ್ ಉರಿದು ಲೋ ಬೀಮ್ ಉರಿಯದಿದ್ದರೆ, ಮತ್ತು ಬಲ್ಬಿನ ಎರಡು ಫಿಲಮೆಂಟೂ ಸರಿಯಿದ್ದರೆ, ಡಿಪ್ಪರ್ ಸ್ವಿಚ್ಚಿನ ಕಡೆ ತಿರುಗಿ. ಅದನ್ನು ಬಿಚ್ಚುವಾಗ ಒಳಗಿನ ಚಿಕ್ಕ ಸ್ಪ್ರಿಂಗು ಮತ್ತು ಗುಂಡು ಹಾರಿಹೋಗದಂತೆ ಕೆಳಗೆ ಬಟ್ಟೆ ಹಾಸಿಕೊಳ್ಳಿ. ಸಂಪರ್ಕಗಳ ಮೇಲಿನ ಕಪ್ಪನ್ನು ನಯವಾದ ಎಮರಿಯಿಂದ ತೆಗೆದರೆ ಹೆಚ್ಚಿನ ಹಳೆಯ ಸ್ವಿಚ್ಚುಗಳು ಮತ್ತೆ ವರ್ಷಗಟ್ಟಲೆ ಕೆಲಸ ಮಾಡುತ್ತವೆ, ಮತ್ತು ಆ ಮೂಲ ಸ್ವಿಚ್ಚು ಈಗ ಸಿಗುವ ಅಗ್ಗದ ನಕಲಿಗಿಂತ ಗಟ್ಟಿಯಾದದ್ದು.

ಹೋಂಡಾ ಪದ್ಧತಿಯ ವೈರಿಂಗಿನಲ್ಲಿ ಬಣ್ಣಗಳು ನೆರವಾಗುತ್ತವೆ: ಹಸಿರು ಅರ್ಥಿಂಗ್, ನೀಲಿ ಹೈ ಬೀಮ್, ಬಿಳಿ ಲೋ ಬೀಮ್, ಕಂದು ಟೈಲ್ ಲೈಟ್, ಹಳದಿ ಗೆರೆಯ ಹಸಿರು ಬ್ರೇಕ್ ಲೈಟ್, ಕಿತ್ತಳೆ ಎಡ ಇಂಡಿಕೇಟರ್, ತಿಳಿನೀಲಿ ಬಲ ಇಂಡಿಕೇಟರ್. ಜಾವಾ ಮತ್ತು ಯೆಜ್ಡಿಗಳಲ್ಲಿ ಬಣ್ಣಗಳಿಗಿಂತ ತುದಿಗಳ ಬಳಿ ಇರುವ ಅಂಕಿಗಳನ್ನು ನೋಡಬೇಕು. 30 ಬ್ಯಾಟರಿಯ ಪ್ಲಸ್, 31 ಅರ್ಥಿಂಗ್, 56 ಹೆಡ್‌ಲೈಟ್, 58 ಟೈಲ್ ಲೈಟ್, 61 ಚಾರ್ಜಿಂಗ್ ದೀಪ. ಹಳೆಯ ಬೈಕಿನಲ್ಲಿ ಯಾರೋ ಕೈಗೆ ಸಿಕ್ಕ ಬಣ್ಣದ ವೈರು ಸೇರಿಸಿರುವುದು ಮಾಮೂಲು, ಆದ್ದರಿಂದ ಕತ್ತರಿಸುವ ಮೊದಲು ಟೆಸ್ಟ್ ಲ್ಯಾಂಪಿನಿಂದ ಖಚಿತಪಡಿಸಿಕೊಳ್ಳಿ.

ವೈರಿನ ಜೋಡಣೆಗಳಲ್ಲಿ ಬರಿಗೈಯಲ್ಲಿ ತಿರುಚಿ ಟೇಪ್ ಸುತ್ತಿದ ಗಂಟುಗಳೇ ಹೆಚ್ಚು ತೊಂದರೆ ಕೊಡುತ್ತವೆ. ಟೇಪಿನ ಅಂಟು ಬೇಸಿಗೆಯಲ್ಲಿ ಕರಗಿ, ಮಳೆಗಾಲದಲ್ಲಿ ಒಳಗೆ ನೀರು ಸೇರಿ, ತಾಮ್ರ ಹಸಿರಾಗುತ್ತದೆ. ಹಸಿರಾದ ಭಾಗವನ್ನು ಕತ್ತರಿಸಿ, ತಾಮ್ರ ಹೊಳೆಯುವಲ್ಲಿಂದ ಬೆಸುಗೆ ಹಾಕಿ ಅಥವಾ ಒತ್ತುವ ಕನೆಕ್ಟರ್ ಬಳಸಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಿ. ಒತ್ತಡದ ನೀರಿನಿಂದ ಬೈಕ್ ತೊಳೆಸುವವರು ಹೆಡ್‌ಲೈಟ್ ಮತ್ತು ಸ್ವಿಚ್ಚುಗಳಿಗೆ ನೇರವಾಗಿ ನೀರು ಹೊಡೆಯದಂತೆ ನೋಡಿಕೊಳ್ಳಬೇಕು.

ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದ್ದರೆ

ಹೊಸ ಫ್ಯೂಸುಗಳನ್ನು ಸುಡುತ್ತಾ ಹೋಗುವ ಬದಲು, ಎಲ್ಲ ಸ್ವಿಚ್ಚುಗಳನ್ನು ಆಫ್ ಮಾಡಿ, ಫ್ಯೂಸಿನ ಜಾಗದಲ್ಲಿ ಬೈಕಿನ ವೋಲ್ಟಿಗೆ ಹೊಂದುವ ಹೆಡ್‌ಲೈಟ್ ಬಲ್ಬೊಂದನ್ನು ವೈರಿನಿಂದ ಸೇರಿಸಿ. ಶಾರ್ಟ್ ಇದ್ದರೆ ಆ ಬಲ್ಬ್ ಪೂರ್ಣವಾಗಿ ಉರಿಯುತ್ತದೆ, ಇನ್ನೇನೂ ಸುಡುವುದಿಲ್ಲ. ಆಗ ಉರಿಯದಿದ್ದರೆ ಕೀಲಿ ತಿರುಗಿಸಿ, ಬ್ರೇಕ್ ಒತ್ತಿ, ಒಂದೊಂದೇ ಸ್ವಿಚ್ ಹಾಕುತ್ತಾ ಯಾವಾಗ ಬಲ್ಬ್ ಪ್ರಖರವಾಗುತ್ತದೆ ಎಂದು ನೋಡಿ. ಆ ಸಾಲಿನ ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚಿದಾಗ ಯಾವುದನ್ನು ಬಿಚ್ಚಿದ ಕೂಡಲೇ ಬೆಳಕು ಕುಸಿಯುತ್ತದೆಯೋ ಶಾರ್ಟ್ ಅದರ ಮುಂದಿದೆ. ಸೀಟಿನ ಬೋಲ್ಟಿನ ಕೆಳಗೆ ಸಿಕ್ಕಿದ ವೈರು, ಹಿಂದಿನ ಮಡ್‌ಗಾರ್ಡಿನ ಚೂಪು ಅಂಚು, ಸೈಲೆನ್ಸರಿಗೆ ತಾಗಿ ಕರಗಿದ ಭಾಗ, ಇಲಿ ಕಡಿದ ಜಾಗ ಇವನ್ನು ಮೊದಲು ನೋಡಿ.

ಇಂಡಿಕೇಟರ್

ಒಂದು ಬದಿ ಮಾತ್ರ ತೀರಾ ವೇಗವಾಗಿ ಮಿಣುಕಿದರೆ ಅಥವಾ ಮಿಣುಕದೆ ನಿಂತು ಉರಿದರೆ ಆ ಬದಿಯ ಒಂದು ಬಲ್ಬ್ ಹೋಗಿದೆ ಅಥವಾ ಅದರ ಅರ್ಥಿಂಗ್ ಕಡಿದಿದೆ. ಎರಡೂ ಬದಿ ನಿಧಾನವಾಗಿ, ಮಂಕಾಗಿ ಮಿಣುಕಿದರೆ ಬ್ಯಾಟರಿ ಸೋತಿದೆ. ಎಲ್ಲ ಬಲ್ಬುಗಳೂ ಬ್ಯಾಟರಿಯೂ ಸರಿಯಿದ್ದ ಮೇಲೆ ಮಾತ್ರ ದೀಪ ಮಿಣುಕಿಸುವ ಫ್ಲ್ಯಾಷರ್ ಬದಲಾಯಿಸಿ. ಹಳೆಯ ಫ್ಲ್ಯಾಷರ್ ಬಲ್ಬುಗಳು ಎಳೆಯುವ ಕರೆಂಟಿನ ಬಲದಿಂದಲೇ ಕೆಲಸ ಮಾಡುವುದರಿಂದ, ಎಲ್‌ಇಡಿ ಬಲ್ಬುಗಳನ್ನು ಹಾಕಿದರೆ ಎಲ್‌ಇಡಿಗೆ ಹೊಂದುವ ಫ್ಲ್ಯಾಷರನ್ನೂ ಹಾಕಬೇಕಾಗುತ್ತದೆ.

ಕೊನೆಯಲ್ಲಿ ಉತ್ಪಾದನೆಯ ಕಡೆ

ಮೇಲಿನದೆಲ್ಲ ಸರಿಯಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ, ಎಂಜಿನ್ನನ್ನು ಮಧ್ಯಮ ವೇಗದಲ್ಲಿ ಓಡಿಸಿ ಬ್ಯಾಟರಿಯ ತುದಿಗಳಲ್ಲಿ ಅಳೆಯಿರಿ. 12 ವೋಲ್ಟಿನ ಬೈಕಿನಲ್ಲಿ ಓದು 14 ವೋಲ್ಟಿನ ಆಸುಪಾಸಿಗೂ 6 ವೋಲ್ಟಿನದರಲ್ಲಿ 7ರ ಆಸುಪಾಸಿಗೂ ಏರಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರನ್ನು ಎಂದಿಗೂ ಬಿಚ್ಚಬೇಡಿ. ವೋಲ್ಟೇಜ್ ಹಠಾತ್ತನೆ ಏರಿ ಬಲ್ಬುಗಳು ಸುಡುತ್ತವೆ.

ಯೆಜ್ಡಿಯಲ್ಲಿ ಚಾರ್ಜಿಂಗ್ ದೀಪವೇ ಅರ್ಧ ಕಥೆ ಹೇಳುತ್ತದೆ. ಕೀಲಿ ಹಾಕಿದಾಗ ಅದು ಉರಿಯಬೇಕು, ಎಂಜಿನ್ ವೇಗ ಏರಿದಾಗ ಆರಬೇಕು. ವೇಗ ಏರಿದರೂ ಆರದಿದ್ದರೆ ಡೈನಮೋ ಅಥವಾ ರೆಗ್ಯುಲೇಟರ್ ಕೆಲಸ ಮಾಡುತ್ತಿಲ್ಲ. ಕೀಲಿ ಹಾಕಿದಾಗಲೇ ಉರಿಯದಿದ್ದರೆ ಆ ದೀಪದ ಬಲ್ಬನ್ನೂ ಡೈನಮೋದ ಕಾರ್ಬನ್ ಬ್ರಷ್ಷುಗಳನ್ನೂ ನೋಡಿ. ಬಲಬದಿಯ ಕವರ್ ತೆಗೆದರೆ ಬ್ರಷ್ಷುಗಳು ಕಾಣುತ್ತವೆ; ಅವು ತಮ್ಮ ಗೂಡಿನಲ್ಲಿ ಸರಾಗವಾಗಿ ಸರಿಯಬೇಕು, ಸವೆದು ಚಿಕ್ಕದಾಗಿದ್ದರೆ ಬದಲಾಯಿಸಬೇಕು. ಬ್ರಷ್ಷುಗಳು ತಾಗುವ ಕಮ್ಯುಟೇಟರ್ ಮೇಲಿನ ಕಪ್ಪು ಎಣ್ಣೆಯನ್ನು ಪೆಟ್ರೋಲಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆಯೇ ಎಂಜಿನ್ ಸ್ಟಾರ್ಟ್ ಮಾಡಿ. ಅಲ್ಲಿ ಎಣ್ಣೆ ಮತ್ತೆ ಮತ್ತೆ ಕಾಣಿಸಿಕೊಂಡರೆ ಕ್ರ್ಯಾಂಕಿನ ಎಣ್ಣೆ ಸೀಲ್ ಸೋರುತ್ತಿದೆ.

ಎಸಿ ಬೈಕಿನಲ್ಲಿ ಹೆಡ್‌ಲೈಟ್ ಉರಿಯುತ್ತಿರುವಾಗ ಲೈಟಿಂಗ್ ಸಾಲಿನಲ್ಲಿ ಎಸಿ ವೋಲ್ಟ್ ಅಳೆಯಿರಿ. ಎಂಜಿನ್ ವೇಗ ಏರಿಸಿದರೆ ಓದು 12ರಿಂದ 14ರ ನಡುವೆ ಬಂದು ನಿಲ್ಲಬೇಕು. ಅಗ್ಗದ ಮೀಟರುಗಳು ಇದನ್ನು ಸ್ವಲ್ಪ ಹೆಚ್ಚುಕಡಿಮೆ ತೋರಿಸುತ್ತವೆ. ವೇಗದ ಜೊತೆಗೆ ಓದೂ ಏರುತ್ತಲೇ ಹೋದರೆ ರೆಗ್ಯುಲೇಟರ್ ಕೆಟ್ಟಿದೆ ಅಥವಾ ಅದರ ಅರ್ಥಿಂಗ್ ಕಡಿದಿದೆ. ಮೊದಲು ಅರ್ಥಿಂಗ್ ಸರಿಪಡಿಸಿ, ಏಕೆಂದರೆ ಒಳ್ಳೆಯ ರೆಗ್ಯುಲೇಟರ್ ಕೂಡ ಅರ್ಥಿಂಗ್ ಇಲ್ಲದೆ ಬಲ್ಬುಗಳನ್ನು ಕಾಪಾಡಲಾರದು. ವೋಲ್ಟೇಜ್ ಏಳುವುದೇ ಇಲ್ಲವಾದರೆ ಮ್ಯಾಗ್ನೆಟ್ಟಿನ ಕಪ್ಲರ್ ಬಿಚ್ಚಿ, ಲೈಟಿಂಗ್ ಕಾಯಿಲ್ಲಿನ ಹಳದಿ ವೈರಿಗೂ ಅರ್ಥಿಂಗಿಗೂ ನಡುವೆ ಓಮ್ ಅಳೆಯಿರಿ. ಒಂದು ಓಮಿನ ಆಸುಪಾಸು ಬಂದರೆ ಕಾಯಿಲ್ ತುಂಡಾಗಿಲ್ಲ. ಮೀಟರು ಏನನ್ನೂ ತೋರಿಸದಿದ್ದರೆ ಒಳಗೆ ಕಡಿದಿದೆ.

ಕಾಯಿಲ್ ಅಥವಾ ಡೈನಮೋದ ಒಳಗೆ ತಿರುಗುವ ಆರ್ಮೇಚರ್ ಹೋಗಿದೆ ಎಂದು ಅಳತೆಯಿಂದ ಖಚಿತವಾದ ಮೇಲೆ ಕೆಲಸವನ್ನು ಆಟೊ ಎಲೆಕ್ಟ್ರೀಷಿಯನ್ನರಿಗೆ ಒಪ್ಪಿಸಿ. ಮ್ಯಾಗ್ನೆಟ್ ಕಳಚಲು ಸರಿಯಾದ ಪುಲ್ಲರ್ ಬೇಕು, ಸುತ್ತಿಗೆಯಿಂದ ಹೊಡೆದು ತೆಗೆಯಲು ಹೋದರೆ ಕ್ರ್ಯಾಂಕ್‌ಶಾಫ್ಟ್ ಹಾಳಾಗುತ್ತದೆ. ನೀವು ಬರೆದುಕೊಂಡ ವೋಲ್ಟ್ ಮತ್ತು ಓಮ್ ಅಂಕಿಗಳ ಕಾಗದವನ್ನೂ ಜೊತೆಗೆ ಕೊಟ್ಟರೆ, ಅವರು ಮತ್ತೆ ಮೊದಲಿನಿಂದ ವೈರಿಂಗ್ ಬಿಚ್ಚುವ ಅಗತ್ಯ ಬರುವುದಿಲ್ಲ.